ಮಾಂಜ್ರಾ ನದಿಯ ಮೊಸಳೆ ಮಡುಗಳು

ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾದು, ಜಹೀರಾಬಾದ್ ಮತ್ತು ನಾರಾಯಣಖೇಡ್ ಸೀಮೆಗಳ ನಡುವೆ ತೆಲಂಗಾಣವನ್ನು ಹೊಗುವ ಮಾಂಜ್ರಾ ನದಿಯು, ಸಿಂಗೂರು ಅಣೆಕಟ್ಟೆಯನ್ನು ದಾಟಿ ಸಂಗಾರೆಡ್ಡಿ ಪಟ್ಟಣದ ಸಮೀಪದ ಕಟ್ಟೆಗೆ ತಲುಪುವವರೆಗಿನ ಹರಿವಿನಲ್ಲಿ ತನ್ನ ಅತ್ಯಂತ ಚೆಲುವಾದ ರೂಪವನ್ನು ತೋರುತ್ತದೆ. ಹೈದರಾಬಾದಿಗೆ ಕುಡಿಯುವ ನೀರನ್ನು ಒದಗಿಸಿದ ಈ ನೀರಹರವು 1978ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು.

ಇಲ್ಲಿನ ಹಿರಿಮೆ ಮಗ್ಗರ್, ಅಂದರೆ ಅಗಲ ಮೂತಿಯ ಸಿಹಿನೀರಿನ ಮೊಸಳೆ. ತಾಯಿಮೊಸಳೆಯು ದಡದ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಗಳನ್ನು ಹುಗಿದು ಕಾಯುತ್ತದೆ. ಮರಿಯು ಹೆಣ್ಣೋ ಗಂಡೋ ಎಂಬುದನ್ನು ಆ ಗೂಡಿನ ಕಾವೇ ನಿರ್ಧರಿಸುವುದರಿಂದ, ದಡದ ಒಂದು ಹಿಡಿ ಮಣ್ಣು ಕೂಡ ಸಂತತಿಯ ಭವಿಷ್ಯದಲ್ಲಿ ಪಾಲುಗೊಳ್ಳುತ್ತದೆಂಬುದು ನಿಜಕ್ಕೂ ಬೆರಗಿನ ಸಂಗತಿ. ಹಾಗಾಗಿ ಮರಳೆತ್ತಿದ ದಡವು ಬರಿದಾದ ತೊಟ್ಟಿಲಿಗೆ ಸಮಾನ.

ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅದ್ದಿ ಮೀನನ್ನು ತಡಕುವ ಬಣ್ಣದ ಕೊಕ್ಕರೆಗಳು, ಜೊಂಡಿನ, ಅಂದರೆ ನೀರಂಚಿನ ಎತ್ತರದ ಹುಲ್ಲಿನ, ಮರೆಯಲ್ಲಿ ಸರಿಯುವ ನೀರುಕೋಳಿಗಳು ಇದೇ ಜಲವನ್ನು ಹಂಚಿಕೊಂಡಿವೆ. ಬೀದರ್, ತಾಂಡೂರು ಕಡೆಯ ಕನ್ನಡಿಗರಿಗೆ ಇವು ದೂರದ ಅತಿಥಿಗಳಲ್ಲ, ಒಂದು ಬೆಳಗಿನ ಪಯಣದಷ್ಟು ಹತ್ತಿರದ ನೆರೆಯವರು.