ಹದಿನೆಂಟರ ಮನೆಯಲ್ಲಿ ಇಬ್ಬರು

ಧೂಮಕೇತುವಿನ ಬೆನ್ನು ಹತ್ತಿದ ರೊಸೆಟ್ಟಾ ನೌಕೆ ಎಂದರೆ ಜನರಿಗೆ ನೆನಪಾಗುವುದು ಕೆಲವೇ ಸಂಗತಿಗಳು. ಅದರ ಇಳಿನೌಕೆ ಫಿಲೇ ನೆಲಮುಟ್ಟಿ ಪುಟಿದದ್ದು, ಗ್ಲೈಸಿನ್ ಸಿಕ್ಕಿದ್ದು, ನೀರಿನ ಜೊತೆಗೆ ಶೇಕಡ 3.8ರಷ್ಟು ಆಮ್ಲಜನಕ ಸಿಕ್ಕಿದ್ದು, 67ಪಿ ಧೂಮಕೇತುವಿಗೆ ಕೊಳೆತ ಮೊಟ್ಟೆಯ ವಾಸನೆ ಎಂದು 2014ರಲ್ಲಿ ಪತ್ರಿಕೆಗಳೆಲ್ಲ ಬರೆದದ್ದು. ಫಿಲೇಯ ಮಾತು ಬಿಟ್ಟರೆ ಉಳಿದ ಕೀರ್ತಿಯ ದೊಡ್ಡ ಪಾಲು ಬರ್ನ್ ವಿಶ್ವವಿದ್ಯಾಲಯದವರು ಕಟ್ಟಿದ ರೊಸಿನಾ ಎಂಬ ಉಪಕರಣಗಳ ಗುಂಪಿಗೆ, ಅದರಲ್ಲೂ ಡಿಎಫ್‌ಎಂಎಸ್ ಎಂಬ ಮಾಸ್ ಸ್ಪೆಕ್ಟ್ರೋಮೀಟರಿಗೆ ಸಲ್ಲಬೇಕು. ಸಂದಿದೆ ಕೂಡ. ಆದರೆ ಈ ಉಪಕರಣಕ್ಕೆ ಇನ್ನೊಂದು ಮುಖವಿತ್ತು. ಒಳಗಿನ ಫಿಲಮೆಂಟನ್ನು ಆರಿಸಿ, ತಾನಾಗಿ ಏನನ್ನೂ ಅಯಾನಾಗಿಸದೆ, ಧೂಮಕೇತುವಿನ ಸುತ್ತ ಆಗಲೇ ಇರುವ ಅಯಾನುಗಳನ್ನು ಬಂದ ಹಾಗೆ ಒಳಗೆ ಬಿಟ್ಟುಕೊಂಡು ತೂಗುವ ಕ್ರಮ ಅದು. ಆ ಕೆಲಸದ ಪೂರ್ಣ ಲೆಕ್ಕ ಆರ್ನೋ ಬೆತ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ‘ಅಯಾನುಗಳ ಮೃಗಾಲಯ’ ಎಂಬ ಅರ್ಥದ ಶೀರ್ಷಿಕೆಯ ಲೇಖನದಲ್ಲಿದೆ. ಗ್ಲೈಸಿನ್ ಬಗ್ಗೆ ಮಾತಾಡಿದವರಲ್ಲಿ ಈ ಲೇಖನದ ಹೆಸರೆತ್ತಿದವರನ್ನು ನಾನು ಕಂಡಿಲ್ಲ. ನನ್ನ ಮಟ್ಟಿಗೆ ರೊಸೆಟ್ಟಾದ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ಬೇರೆ ಇಲ್ಲ.

ಯಾಕೆ ಹೀಗೆನ್ನುತ್ತೇನೆ ಎಂಬುದಕ್ಕೆ 18 ಎಂಬ ಒಂದೇ ಅಂಕಿ ಸಾಕು.

ಧೂಮಕೇತುವಿನ ಅನಿಲದಲ್ಲಿ ಬಹುಪಾಲು ನೀರು. ಸೂರ್ಯನ ನೇರಳಾತೀತ ಬೆಳಕು ಒಂದು ನೀರಿನ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತರೆ ಹುಟ್ಟುವುದು ನೀರಿನ ಅಯಾನು. ಅದರ ದ್ರವ್ಯರಾಶಿ 18. ಈ ಕೂಸು ಇನ್ನೊಂದು ನೀರಿನ ಅಣುವಿಗೆ ತಾಗಿತೆಂದರೆ ಒಂದು ಪ್ರೋಟಾನ್ ಕೈ ಬದಲಾಗಿ ಹೈಡ್ರೋನಿಯಂ ಆಗುತ್ತದೆ, ದ್ರವ್ಯರಾಶಿ 19. ಹೈಡ್ರೋನಿಯಂ ಅಲೆಯುತ್ತ ಹೋಗಿ ಅಮೋನಿಯಾಕ್ಕೆ ಎದುರಾದರೆ ಅಮೋನಿಯಾ ಆ ಪ್ರೋಟಾನನ್ನು ಕಸಿದುಕೊಳ್ಳುತ್ತದೆ. ಪ್ರೋಟಾನಿನ ಮೇಲೆ ನೀರಿಗಿರುವ ಹಿಡಿತ ಮೋಲಿಗೆ 691 ಕಿಲೋಜೂಲ್, ಅಮೋನಿಯಾಕ್ಕಿರುವುದು ಸುಮಾರು 854. ಸಿಕ್ಕಿದ್ದನ್ನು ಅದು ಮತ್ತೆ ನೀರಿಗೆ ಬಿಟ್ಟುಕೊಡುವುದಿಲ್ಲ. ಹೀಗೆ ಹುಟ್ಟಿದ ಅಮೋನಿಯಂ ಅಯಾನಿನ ದ್ರವ್ಯರಾಶಿ ಎಷ್ಟು? ಮತ್ತೆ 18.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸರಪಳಿಯ ಮೊದಲ ಕೊಂಡಿಗೂ ಕೊನೆಯ ಕೊಂಡಿಗೂ ಒಂದೇ ಮನೆ ನಂಬರು. ನೀರಿನ ಅಯಾನು ಈಗಷ್ಟೇ ಹುಟ್ಟಿದ್ದು, ಇನ್ನೂ ಯಾರಿಗೂ ತಾಗಿಲ್ಲ. ಅಮೋನಿಯಂ ಹಾಗಲ್ಲ, ಎರಡು ಮೂರು ಕೈ ದಾಟಿ ಬಂದದ್ದು. ಅದು ಇದೆ ಎಂದರೆ ಅಲ್ಲಿ ಅನಿಲ ದಟ್ಟವಾಗಿದೆ, ಅಯಾನಿಗೆ ಡಿಕ್ಕಿ ಹೊಡೆಯಲು ಪುರುಸೊತ್ತು ಸಿಕ್ಕಿದೆ ಎಂದರ್ಥ. ಒಂದೇ ಸಂಖ್ಯೆ ಎರಡು ತದ್ವಿರುದ್ಧ ಸುದ್ದಿ ಹೇಳುತ್ತಿದೆ. 18ರಲ್ಲಿ ಏನೋ ಕಂಡಿತು ಎಂದು ಹೇಳುವ ಉಪಕರಣ ಅಲ್ಲಿನ ಅನಿಲ ವಿರಳವೋ ದಟ್ಟವೋ ಎಂಬುದನ್ನೇ ಹೇಳಲಾರದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಧೂಮಕೇತುವಿನಲ್ಲಿ ಹದಿನೆಂಟಾಗಿರುವುದೆಲ್ಲ ನೀರಲ್ಲ.

ಬೇರ್ಪಡಿಸುವ ದಾರಿ ಇದೆ, ತೀರ ಸಣ್ಣದು. ನೀರಿನ ಅಯಾನಿನ ನಿಜವಾದ ತೂಕ 18.010, ಅಮೋನಿಯಂನದು 18.034. ನಡುವಿನ ಅಂತರ 0.024. ಸೌದೆ ತೂಗುವ ತಕ್ಕಡಿಯಲ್ಲಿ ಗುಲಗಂಜಿಯ ವ್ಯತ್ಯಾಸ ಹಿಡಿದಂತೆ. ಡಿಎಫ್‌ಎಂಎಸ್ ಇದನ್ನು ಹಿಡಿದ ಬಗೆ ನೋಡಿ. ಒಳಬಂದ ಅಯಾನು ಮೊದಲು 90 ಡಿಗ್ರಿ ಬಾಗಿದ ವಿದ್ಯುತ್ ಕ್ಷೇತ್ರವನ್ನು ಹಾಯಬೇಕು. ಅಲ್ಲಿ ಶಕ್ತಿಯ ಸೋಸುವಿಕೆ. ಆಮೇಲೆ 60 ಡಿಗ್ರಿಯ ಕಾಂತಕ್ಷೇತ್ರ. ಅಲ್ಲಿ ಸಂವೇಗದ ಸೋಸುವಿಕೆ. ಎರಡನ್ನೂ ದಾಟಿದ ಅಯಾನು ತನ್ನ ತೂಕಕ್ಕೆ ತಕ್ಕ ಜಾಗದಲ್ಲೇ ಹೋಗಿ ಬೀಳುತ್ತದೆ. ಬಳಸಿದ್ದು ಕಾಯಂ ಅಯಸ್ಕಾಂತ. ತಾಪ ಏರಿಳಿದರೆ ಅದರ ಬಲವೂ ಏರಿಳಿಯುತ್ತದೆ, ತೂಕದ ಗೆರೆ ಸರಿಯುತ್ತದೆ. ಹಾಗಾಗಿ ಪ್ರತಿ ಸಲವೂ ಗೆರೆಯನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಈ ಹೊಂದಿಸುವ ದುಡಿಮೆ ಪತ್ರಿಕೆಯ ತಲೆಬರಹಕ್ಕೆ ಬರುವುದಿಲ್ಲ, ಆದರೆ 18ರ ಮನೆಯಲ್ಲಿ ಇಬ್ಬರಿದ್ದಾರೆ ಎಂದು ಎದೆ ತಟ್ಟಿ ಹೇಳುವ ಹಕ್ಕು ಬರುವುದು ಅದರಿಂದಲೇ. ಅಮೋನಿಯಂ ಇದೆ ಎಂಬುದನ್ನು ಬೆತ್ ತಂಡ 2016ರಲ್ಲೇ ಪ್ರಕಟಿಸಿತ್ತು. 13ರ ಮನೆಯಲ್ಲಂತೂ ಇನ್ನೂ ಇಕ್ಕಟ್ಟು: ಭಾರದ ಇಂಗಾಲ-13ರ ಅಯಾನಿಗೂ ಸಾಧಾರಣ ಇಂಗಾಲಕ್ಕೊಂದು ಹೈಡ್ರೋಜನ್ ಸೇರಿದ ಅಯಾನಿಗೂ ಇರುವ ಅಂತರ 0.0045 ಮಾತ್ರ. ಅವನ್ನೂ ಬಿಡಿಸಿ ತೋರಿಸಿದ್ದಾರೆ.

ಈಗ ಹಳೆಯ ಕೀರ್ತಿಯ ಮಾತು. 1986ರ ಮಾರ್ಚ್‌ನಲ್ಲಿ ಜ್ಯೊಟ್ಟೋ ನೌಕೆ ಹ್ಯಾಲಿ ಧೂಮಕೇತುವಿನ ಬಳಿ 596 ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ 68 ಕಿಲೋಮೀಟರ್ ವೇಗದಲ್ಲಿ ಹಾದುಹೋಯಿತು. ಆ ಸಾಹಸಕ್ಕೆ ನನ್ನ ಗೌರವ ಇದೆ. ಹಾನ್ಸ್ ಬಾಲ್ಸಿಗರ್ ಮುಂದಾಳತ್ವದ ಅಯಾನು ಮಾಪಕ ಕೊಟ್ಟ ಗೆರೆಗಳು ಇಲ್ಲದಿದ್ದರೆ ರೊಸಿನಾ ಕೂಡ ಇರುತ್ತಿರಲಿಲ್ಲ. ಆದರೆ ಅದು ಪೂರ್ಣಾಂಕಗಳನ್ನಷ್ಟೇ ಬಿಡಿಸಬಲ್ಲ ಉಪಕರಣ. 18ರಲ್ಲಿ ಎಷ್ಟು ನೀರು, ಎಷ್ಟು ಅಮೋನಿಯಂ ಎಂಬುದನ್ನು ಮಾದರಿಗಳ ಮೂಲಕ ಊಹಿಸಬೇಕಿತ್ತು. 1987ರಲ್ಲಿ ಮಾರ್ಕ್ ಅಲೆನ್ ಮತ್ತು ಸಂಗಡಿಗರು ಮಾಡಿದ್ದು ಅದನ್ನೇ: ಅಯಾನುಗಳ ಗೆರೆಗಳನ್ನು ಲೆಕ್ಕದ ಮಾದರಿಗೆ ಹೊಂದಿಸಿ ಮಿಥೇನ್, ಅಮೋನಿಯಾಗಳ ಪ್ರಮಾಣ ತೆಗೆದರು. ಅಮೋನಿಯಾ ನೀರಿನ ಶೇಕಡ ಒಂದೆರಡರಷ್ಟು ಎಂಬ ಅವರ ಉತ್ತರ ಆಮೇಲಿನ ಅಂದಾಜುಗಳಿಗೆ ದೂರವೇನಲ್ಲ. ಉತ್ತರ ಸರಿ ಬಂದದ್ದರಿಂದ ದಾರಿಯೂ ಸರಿಯಾಗಿತ್ತು ಎಂದು ವಾದಿಸುವವರನ್ನು ನಾನು ಒಪ್ಪಲಾರೆ. ಅಲ್ಲಿ ಅಳೆದದ್ದು ಉಪಕರಣವಲ್ಲ, ಮಾದರಿ.

ಆ ದಾರಿಯಲ್ಲಿ ಉತ್ತರವೂ ತಪ್ಪಬಹುದು ಎಂಬುದಕ್ಕೆ ಅದೇ ನೌಕೆಯ ಪಿಕ್ಕಾ ಉಪಕರಣದ ಕಥೆ ಇದೆ. ಭಾರದ ಅಯಾನುಗಳಲ್ಲಿ 45, 61, 75, 91, 105 ಎಂದು ಏರುವ ಉಬ್ಬುಗಳು ಕಂಡವು. 16, 14, 16, 14 ಎಂಬ ಏಣಿ. 1987ರಲ್ಲಿ ವಾಲ್ಟರ್ ಹ್ಯೂಬ್ನರ್ ಇದು ಫಾರ್ಮಾಲ್ಡಿಹೈಡ್ ಕೊಂಡಿಗಳ ಸರಪಳಿ, ಪಾಲಿಆಕ್ಸಿಮಿಥಿಲೀನ್, ಬಾಹ್ಯಾಕಾಶದಲ್ಲಿ ಸಿಕ್ಕ ಮೊದಲ ಪಾಲಿಮರ್ ಎಂದು ಬರೆದರು. ಎಂಥ ಸುಂದರ ವಾದ! 16 ಎಂದರೆ ಆಮ್ಲಜನಕ, 14 ಎಂದರೆ ಒಂದು ಇಂಗಾಲ ಎರಡು ಹೈಡ್ರೋಜನ್, ಕೂಡಿದರೆ 30, ಫಾರ್ಮಾಲ್ಡಿಹೈಡಿನ ಸರಿಯಾದ ತೂಕ. ಆರಂಭದಲ್ಲಿ ಸರಪಳಿಯ ಪಕ್ಷದಲ್ಲೇ ಬರೆದಿದ್ದ ಡೇವಿಡ್ ಮಿಚೆಲ್ ಮತ್ತು ಸಂಗಡಿಗರು 1992ರಲ್ಲಿ ಲೆಕ್ಕ ಮತ್ತೆ ಹಾಕಿ ನೋಡಿದರು: ಇಂಗಾಲ, ಹೈಡ್ರೋಜನ್, ಆಮ್ಲಜನಕ, ಸಾರಜನಕಗಳನ್ನು ಹೇಗೆ ಕೂಡಿಸಿದರೂ ಇಂಥದೇ ಏಣಿ ಬರುತ್ತದೆ. ಏಣಿ ಪಾಲಿಮರಿನದಲ್ಲ, ಪರಮಾಣುಗಳ ತೂಕದ್ದು. ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಈ ಧೈರ್ಯಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಪಾಲಿಮರ್ ಮಾತ್ರ ಸಾಯಲಿಲ್ಲ. 2015ರಲ್ಲಿ ಫಿಲೇಯ ಟಾಲೆಮಿ ಉಪಕರಣದ ತಂಡ 91 ಮೊದಲಾದ ಗೆರೆಗಳನ್ನು ಕಂಡು ಅದೇ ಹೆಸರನ್ನು ಮತ್ತೆ ಎತ್ತಿತು. 2017ರಲ್ಲಿ ಕ್ಯಾಥ್ರಿನ್ ಆಲ್ಟ್‌ವೆಗ್ ತಂಡ ಡಿಎಫ್‌ಎಂಎಸ್‌ನ ಸೂಕ್ಷ್ಮ ತೂಕವನ್ನು ಪಕ್ಕದಲ್ಲಿಟ್ಟು, 91ಕ್ಕೆ ಕಾರಣ ಟಾಲುಯೀನ್ ಎಂದು ತೋರಿಸಿತು. ಮೂವತ್ತು ವರ್ಷ ಬದುಕಿದ ಒಂದು ತಪ್ಪು ಹೆಸರಿನ ಬೇರು ಪೂರ್ಣಾಂಕದಲ್ಲಿದೆ. ಪೂರ್ಣಾಂಕ ಕೊಟ್ಟವರ ತಪ್ಪಲ್ಲ ಅದು, ಅಷ್ಟರಿಂದಲೇ ಹೆಸರಿಡಲು ಹೊರಟವರದು.

ಇಷ್ಟಾದರೂ ಡಿಎಫ್‌ಎಂಎಸ್‌ನ ಅಯಾನು ಕ್ರಮವನ್ನು ಕಡೆಗಣಿಸುವವರ ಹತ್ತಿರ ಒಂದು ಆಕ್ಷೇಪ ಸಿದ್ಧವಿರುತ್ತದೆ: ಇದರಲ್ಲಿ ಎಣಿಕೆ ಇಲ್ಲ, ಪಟ್ಟಿ ಮಾತ್ರ ಇದೆ. ಆಕ್ಷೇಪದ ಆಧಾರಗಳು ನಿಜ. ರೊಸೆಟ್ಟಾದ ಮೈ ಬಹುಕಾಲ ಋಣ ವಿದ್ಯುತ್ತಿನಲ್ಲಿತ್ತು, ಹಲವು ಸಲ ಋಣ 10 ವೋಲ್ಟಿಗಿಂತಲೂ ಕೆಳಗೆ. ಧನ ಅಯಾನುಗಳನ್ನು ಅದು ತನ್ನತ್ತ ಸೆಳೆದು ಅವುಗಳ ವೇಗ ಮತ್ತು ದಾರಿ ಎರಡನ್ನೂ ಕೆಡಿಸುತ್ತಿತ್ತು. ಒಂದೊಂದು ತೂಕಕ್ಕೆ ಸುಮಾರು 20 ಸೆಕೆಂಡು ಕಾದು, ವೋಲ್ಟೇಜ್ ಬದಲಿಸಿ, ಮುಂದಿನ ತೂಕಕ್ಕೆ ಹೋಗುವ ಉಪಕರಣ ಇದು; 18ರಿಂದ 28ಕ್ಕೆ ಹೋಗುವಷ್ಟರಲ್ಲಿ ಹೊರಗಿನ ಪ್ಲಾಸ್ಮಾ ಬದಲಾಗಿಬಿಟ್ಟಿರಬಹುದು. ಆದ್ದರಿಂದ ಎರಡು ತೂಕಗಳ ಅನುಪಾತ ನಂಬಲರ್ಹವಲ್ಲ. ಒಪ್ಪಿದೆ. ಆದರೆ 18ರ ಮನೆಯ ಇಬ್ಬರನ್ನು ಅಳೆದದ್ದು ಒಂದೇ 20 ಸೆಕೆಂಡಿನಲ್ಲಿ, ಒಂದೇ ನೌಕೆಯ ಮೈ ವೋಲ್ಟೇಜಿನಲ್ಲಿ. ಯಾವ ಕೆಲಸಕ್ಕೆ ಈ ಅಳತೆ ಅತ್ಯಂತ ಮುಖ್ಯವೋ ಅಲ್ಲಿಯೇ ಈ ಆಕ್ಷೇಪಕ್ಕೆ ಬಲ ಕಡಿಮೆ.

ತಟಸ್ಥ ಅನಿಲದ ಅಳತೆ ದೋಷವಿಲ್ಲದ್ದೇ ಎಂದು ಅವರು ಯಾಕೆ ಕೇಳುವುದಿಲ್ಲ? ಅಲ್ಲಿ ಅಣುವನ್ನು 45 ಎಲೆಕ್ಟ್ರಾನ್ ವೋಲ್ಟಿನ ಎಲೆಕ್ಟ್ರಾನುಗಳಿಂದ ಹೊಡೆದು ಅಯಾನಾಗಿಸಬೇಕು. ಅಣು ಚೂರಾಗುತ್ತದೆ, ಚೂರುಗಳಿಂದ ಹಿಂದಕ್ಕೆ ಎಣಿಸಬೇಕು. ನೌಕೆಯ ಮೈಯಿಂದಲೇ ಹೊರಡುವ ನೀರು ಮತ್ತಿತರ ಅನಿಲಗಳು ಲೆಕ್ಕಕ್ಕೆ ನುಗ್ಗುತ್ತವೆ, ಅವನ್ನು ಕಳೆಯಬೇಕು. ಅಯಾನು ಕ್ರಮದಲ್ಲಿ ಹೊಡೆತ ಇಲ್ಲ. ಬಂದದ್ದು ಹೊರಗೇ ಅಯಾನಾದದ್ದು. ಅಮೋನಿಯಾವನ್ನು ಎಲೆಕ್ಟ್ರಾನಿನಿಂದ ಎಷ್ಟೇ ಹೊಡೆದರೂ ಅಮೋನಿಯಂ ಆಗುವುದಿಲ್ಲ; ಅದಕ್ಕೆ ಇನ್ನೊಬ್ಬರು ಪ್ರೋಟಾನ್ ಕೊಡಲೇಬೇಕು. ಧೂಮಕೇತುವಿನಲ್ಲಿ ಏನಿದೆ ಎಂಬುದನ್ನು ಎರಡೂ ಕ್ರಮಗಳು ಹೇಳಿಯಾವು. ಅಲ್ಲಿ ಏನು ನಡೆಯುತ್ತಿದೆ ಎಂಬುದು ಅಯಾನುಗಳಿಗಷ್ಟೇ ಗೊತ್ತು.

ಲೇಖನದ ಮೇಲೆ ನನಗೂ ದೂರಿದೆ. ‘ಮೃಗಾಲಯ’ ಎಂಬ ಶೀರ್ಷಿಕೆ ತಪ್ಪು. ಮೃಗಾಲಯದಲ್ಲಿ ಹುಲಿಗೂ ಜಿಂಕೆಗೂ ಬೇರೆ ಬೇರೆ ಬೋನು, ಒಂದಕ್ಕೊಂದು ಸಂಬಂಧವಿಲ್ಲ. ಈ ಅಯಾನುಗಳು ಹಾಗಲ್ಲ, ಒಂದು ಇನ್ನೊಂದರಿಂದ ಹುಟ್ಟಿದವು, ಇದು ವಂಶಾವಳಿ. ಬೋನಿನ ಹೋಲಿಕೆ ಹಿಡಿದಾಗ ಓದುಗನ ಕಣ್ಣು ಹೊಸ ಪ್ರಾಣಿಯ ಕಡೆಗೆ ಹೋಗುತ್ತದೆ. ಹೊಸ ಪ್ರಾಣಿ ನಿಜಕ್ಕೂ ಇದೆ: ಎರಡು ಎಲೆಕ್ಟ್ರಾನ್ ಕಳೆದುಕೊಂಡ ಇಂಗಾಲದ ಡೈಆಕ್ಸೈಡ್. ತೂಕ 44 ಆದರೂ ಎರಡು ವಿದ್ಯುದಂಶ ಹೊತ್ತಿರುವುದರಿಂದ 22ರ ಮನೆಯಲ್ಲಿ ಬಂದು ಕೂತಿದೆ. ಎರಡು ಧನ ವಿದ್ಯುದಂಶಗಳು ಒಳಗೇ ಒಂದನ್ನೊಂದು ದೂಡುತ್ತಿರುವ ಇಂಥ ಅಣು ಸಿಡಿಯದೆ ಉಳಿದದ್ದೇ ಅಚ್ಚರಿ. ಸೌರವ್ಯೂಹದ ಯಾವುದೇ ಕಾಯದ ಅನಿಲದ ಹೊದಿಕೆಯಲ್ಲಿ ಇಂಥ ಅಣು ಸಂದೇಹವಿಲ್ಲದೆ ಸಿಕ್ಕಿದ್ದು ಇದೇ ಮೊದಲು. ಲೇಖನವನ್ನು ನೆನೆಯುವ ಕೆಲವರೂ ಇದನ್ನಷ್ಟೇ ನೆನೆಯುತ್ತಾರೆ. ನನಗೆ 18ರ ಎರಡು ಉಬ್ಬುಗಳೇ ದೊಡ್ಡವು.

ಇನ್ನೊಂದು ದೂರು. ಬೆತ್ ತಂಡ ಗಮನ ಕೊಟ್ಟದ್ದು 13ರಿಂದ 39ರವರೆಗೆ. ಹ್ಯಾಲಿಯ ಆ ಏಣಿಯ ಮೊದಲ ಮೆಟ್ಟಿಲು ಇರುವುದು 45ರಲ್ಲಿ.