ಓಬವ್ವನ ಕಚ್ಚೆ, ವಿಷ್ಣುವಿನ ಕಡಗ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಆಸುಪಾಸಿನ ಯಾವ ಶಾಲೆಯಲ್ಲಾದರೂ ಛದ್ಮವೇಷ ಸ್ಪರ್ಧೆ ಇಡಿ, ಒಬ್ಬಳಾದರೂ ಓಬವ್ವ ಬಂದೇ ಬರುತ್ತಾಳೆ. ವೀರಗಚ್ಚೆ, ಹಣೆ ತುಂಬ ಕುಂಕುಮ, ಎತ್ತಿ ಕಟ್ಟಿದ ತುರುಬು, ರಟ್ಟಿಗೆ ಬಣ್ಣ ಬಳಿದ ಒನಕೆ. ಕಚ್ಚೆ ಬಿಚ್ಚದಿರಲೆಂದು ಅವ್ವ ಸೊಂಟದ ಸುತ್ತ ನಾಲ್ಕೈದು ಪಿನ್ನು ಚುಚ್ಚಿರುತ್ತಾಳೆ. ವೈರಿಗಿಂತ ಪಿನ್ನಿನ ಭಯವೇ ಮಗುವಿಗೆ ಹೆಚ್ಚು. ಹೈದರಾಲಿಯ ಕಾಲದ ಓಬವ್ವ ಏನುಟ್ಟಿದ್ದಳೋ ಕಂಡವರಿಲ್ಲ. ನಮ್ಮ ಮಕ್ಕಳು ಉಡುವುದು ನಟಿ ಜಯಂತಿ ಉಟ್ಟದ್ದನ್ನು. 1972ರ ಡಿಸೆಂಬರ್ ಕೊನೆಗೆ ತೆರೆಕಂಡ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದಲ್ಲಿ ಆಕೆ ಬರುವುದು ಒಂದೇ ಹಾಡಿಗೆ. ಆ ಕೆಲವು ನಿಮಿಷ ಚಿತ್ರದುರ್ಗದ ವೀರವನಿತೆಗೆ ಮುಖವನ್ನೂ ಉಡುಪನ್ನೂ ಖಾಯಂ ಮಾಡಿಬಿಟ್ಟವು.

ತಾರೆಯರ ಪ್ರಭಾವವೆಂದರೆ ಇದೇ ಅಲ್ಲವೆ ಎನ್ನುವವರುಂಟು. ನನಗೆ ಅನುಮಾನ. ಬಹುಮಾನ ಕೈಗೆ ಬಂದೊಡನೆ ಹುಡುಗಿ ಪಿನ್ನು ಕಿತ್ತು ಚೂಡಿದಾರಕ್ಕೆ ಮರಳುತ್ತಾಳೆ. ಇದೇ ಜಯಂತಿ 1965ರ ‘ಮಿಸ್ ಲೀಲಾವತಿ’ಯಲ್ಲಿ ಈಜುಡುಗೆ ತೊಟ್ಟು ಕನ್ನಡ ತೆರೆಯನ್ನು ಬೆಚ್ಚಿಬೀಳಿಸಿದ್ದರು. ಈಜುಡುಗೆಗೆ ನಾಡು ಹುಬ್ಬೇರಿಸಿತು, ಕಚ್ಚೆಗೆ ಕೈಮುಗಿಯಿತು. ಮನೆಗೆ ಎರಡನ್ನೂ ಒಯ್ಯಲಿಲ್ಲ.

ಮನೆಗೆ ಬಂದದ್ದು ಅಗ್ಗದ್ದು, ಚಿಕ್ಕದ್ದು. ವಿಷ್ಣುವರ್ಧನ್ ತೀರಿಕೊಂಡದ್ದು 2009ರಲ್ಲಿ. ಅವರ ಕಡಗ ಇವತ್ತಿಗೂ ಎಷ್ಟೋ ಆಟೋ ಚಾಲಕರ ಮುಂಗೈ ಬಿಟ್ಟಿಲ್ಲ. 2005ರಲ್ಲಿ ‘ಜೋಗಿ’ ಬಂದಾಗ ಹುಡುಗರು ಕೂದಲು ಬಿಟ್ಟರು, 2018ರಲ್ಲಿ ಯಶ್ ನಟಿಸಿದ ‘ಕೆಜಿಎಫ್’ ಬಂದಾಗ ಗಡ್ಡ ಬಿಟ್ಟರು. ಎರಡಕ್ಕೂ ದುಡ್ಡು ಬೇಕಿಲ್ಲ, ಕಟಿಂಗ್ ಅಂಗಡಿಗೆ ಹೋಗದಿದ್ದರಾಯಿತು. ಪಕ್ಕದ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೊರೆಸಿದ ಆಜ್ಞೆಯನ್ನು ಓದುವವರು ಊರಲ್ಲಿಲ್ಲ. ಯಶ್ ಗಡ್ಡದ ಆಜ್ಞೆಯನ್ನು ಓದದ ಹುಡುಗನಿಲ್ಲ.

ಹೆಂಗಸರಲ್ಲಿ ತಾರೆಯ ಆಳ್ವಿಕೆ ಒಂದು ಮೀಟರ್ ಬಟ್ಟೆಯನ್ನೂ ದಾಟಿಲ್ಲ. ರವಿಕೆ, ಅಷ್ಟೆ. ಹಿಂದೆ ಕಲ್ಪನಾ ತೊಟ್ಟ ತೋಳಿನಂತೆ ಎಂದರೆ ಟೈಲರಿಗೆ ಸಾಕಿತ್ತು. ಈಗ ಫೋನು ಚಾಚುತ್ತಾರೆ, ಹೆಚ್ಚಾಗಿ ತೆಲುಗು ನಾಯಕಿಯ ಬೆನ್ನು. ಆಂಧ್ರದ ರಾಯದುರ್ಗ ಪಕ್ಕದಲ್ಲೇ ಇದೆಯಲ್ಲ. ಟೈಲರು ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಎದುರಿಗಿದ್ದವಳ ಬೆನ್ನು ನೋಡಿ, “ಇಷ್ಟು ಇಳಿಸಾಕಾಗಲ್ಲಮ್ಮ, ಅತ್ತೆ ಬೈತಾರೆ” ಎಂದು ತಾನೇ ಎರಡಿಂಚು ಏರಿಸುತ್ತಾನೆ. ನಮ್ಮೂರ ಫ್ಯಾಷನ್ನಿಗೆ ಸೆನ್ಸಾರ್ ಮಂಡಳಿ ಅವನೇ. ಸೀರೆಯ ತಂಟೆಗೆ ಮಾತ್ರ ಯಾವ ನಟಿಯೂ ಬರಲಾಗಿಲ್ಲ. ಮದುವೆಗೆ ಮೊಳಕಾಲ್ಮೂರು ರೇಷ್ಮೆ ಕೊಳ್ಳುವಾಗ ಜನ ಅಂಚು ನೋಡುತ್ತಾರೆ, ಸೆರಗು ಹರವಿ ನೋಡುತ್ತಾರೆ, ರೇಟು ಕೇಳಿ ಸುಮ್ಮನಾಗುತ್ತಾರೆ. ಯಾವ ಸಿನಿಮಾದ್ದು ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಶೇಂಗಾ ಕಳೆ ಕೀಳುವ ಹೊತ್ತಿಗೆ ಹೊಲಕ್ಕೆ ಹೋಗಿ ನೋಡಿ. ಎತ್ತಿ ಸಿಕ್ಕಿಸಿದ ಸೀರೆ, ಅದರ ಮೇಲೆ ಗಂಡನ ಹಳೇ ಫುಲ್ ತೋಳಿನ ಅಂಗಿ, ತಲೆಗೆ ಟವೆಲ್ಲು. ಸಾಲುಸಾಲು ಹೆಂಗಸರು, ಎಲ್ಲರದೂ ಒಂದೇ ವೇಷ. ಬಿಸಿಲು ಹೊಲಿಸಿದ ಈ ಫ್ಯಾಷನ್ನನ್ನು ಯಾವ ನಾಯಕಿಯೂ ಅವರಿಗೆ ಕಲಿಸಲಿಲ್ಲ. ಅಂಗಿಯ ಜೇಬಿನಲ್ಲಿ ಎಲೆಯಡಿಕೆ ಚೀಲ, ಅದರ ಹಿಂದೆ ಫೋನು, ಫೋನಿನಲ್ಲಿ ಹಾಡು.