ಕಿರುತೆರೆಯ ರಕ್ತಸಾಕ್ಷಿಗಳೂ ಎರಡು ಹೆಸರಿನ ವಿಶ್ವಾಸಿಗಳೂ

ಬ್ರಿಟಿಷ್ ಐತಿಹಾಸಿಕ ಧಾರಾವಾಹಿಗಳಲ್ಲಿ ಕಥೋಲಿಕ ವಿಶ್ವಾಸವು ಸಾಮಾನ್ಯವಾಗಿ ಎರಡು ನೆಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ: ಸಿರಿವಂತರ ದೊಡ್ಡಮನೆಯಲ್ಲಿ, ಇಲ್ಲವೇ ವಧಾಸ್ಥಾನದಲ್ಲಿ. ಗ್ರನಾಡಾ ಟೆಲಿವಿಷನ್ 1981ರಲ್ಲಿ ಹನ್ನೊಂದು ಕಂತುಗಳಲ್ಲಿ ನೀಡಿದ 'ಬ್ರೈಡ್ಸ್‌ಹೆಡ್ ರಿವಿಸಿಟೆಡ್' ಮೊದಲನೆಯದಕ್ಕೆ ಮಾದರಿ. ಮರಣಶಯ್ಯೆಯಲ್ಲಿ ಲಾರ್ಡ್ ಮಾರ್ಚ್‌ಮೇನ್ ಶಿಲುಬೆಯ ಗುರುತು ಹಾಕಿಕೊಳ್ಳುವ ದೃಶ್ಯವನ್ನು ವರಪ್ರಸಾದದ ಪಾಠಕ್ಕೆ ಬಳಸಿದರೆ ತಪ್ಪಿಲ್ಲ. ಎರಡನೆಯದಕ್ಕೆ ಮಾದರಿ ಬಿಬಿಸಿಯ 'ಗನ್‌ಪೌಡರ್' (2017). ನಾವು ಇಲ್ಲಿ ಹೆಚ್ಚು ಚರ್ಚಿಸುವುದು ಇದನ್ನೇ. ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ಸೇವೆ ಸಲ್ಲಿಸುತ್ತಿರುವ ಹಾಗೂ ಮುಂದೆ ಸಲ್ಲಿಸಲಿರುವ ಯಾಜಕರಿಗೆ ಇದು ತೋರಿಸಿದ್ದಕ್ಕಿಂತ ತೋರಿಸದೆ ಬಿಟ್ಟದ್ದು ಮುಖ್ಯವೆಂದು ನಮ್ಮ ಭಾವನೆ.

ಮೂರು ಕಂತುಗಳ ಈ ಧಾರಾವಾಹಿ 1605ರ ಸಂಚಿನ ಕಥೆ. ಆರಂಭದಲ್ಲಿಯೇ ರಾಜಭಟರು ಕಥೋಲಿಕ ಮನೆಯೊಂದನ್ನು ಶೋಧಿಸುತ್ತಾರೆ. ಅಡಗಿದ್ದ ಯುವ ಯಾಜಕನೊಬ್ಬ ಸಿಕ್ಕಿಬೀಳುತ್ತಾನೆ. ಆಶ್ರಯವಿತ್ತ ಮಹಿಳೆಯನ್ನು ಭಾರ ಹೇರಿ ಕೊಲ್ಲಲಾಗುತ್ತದೆ. ಬ್ಯಾಡ್ಸ್‌ಲಿ ಕ್ಲಿಂಟನ್ ಮನೆಯ ಮೇಲೆ ನಿಜವಾಗಿ ದಾಳಿ ನಡೆದದ್ದು 1591ರಲ್ಲಿ. ಅಂದು ನೀರಿನಲ್ಲಿ ಗಂಟೆಗಟ್ಟಲೆ ನಿಂತು ಅಡಗಿದ್ದವರು ಯಾರೂ ಸಿಕ್ಕಲಿಲ್ಲ. ಆ ಮಹಿಳೆಯ ಮರಣವಾದರೋ 1586ರಲ್ಲಿ ಯಾರ್ಕ್ ನಗರದಲ್ಲಿ ಅದೇ ಬಗೆಯಲ್ಲಿ ಪ್ರಾಣ ತೆತ್ತ ಸಂತ ಮಾರ್ಗರೆಟ್ ಕ್ಲಿದರೋ ಅವರನ್ನು ನೆನಪಿಗೆ ತರುತ್ತದೆ. ಕ್ರೌರ್ಯ ಅತಿಯಾಯಿತೆಂದು ಆಗ ದೂರುಗಳು ಬಂದವು. ನಮಗೆ ಆ ಆಕ್ಷೇಪವಿಲ್ಲ, ಕಾನೂನೇ ಅಷ್ಟು ಕ್ರೂರವಾಗಿತ್ತು. ನಮ್ಮ ಆಕ್ಷೇಪ ಬೇರೆ: ಇಲ್ಲಿನ ಕಥೋಲಿಕರು ಒಂದೋ ಸಾಯುತ್ತಾರೆ, ಇಲ್ಲವೇ ಕೊಲ್ಲಲು ಹೊರಡುತ್ತಾರೆ. ನಡುವೆ ಬದುಕಿದವರಿಲ್ಲ.

ಇತಿಹಾಸದಲ್ಲಿಯಾದರೋ ಅವರೇ ಬಹಳ. 1559ರ ಕಾನೂನಿನಂತೆ ಆಂಗ್ಲಿಕನ್ ಆರಾಧನೆಗೆ ಗೈರುಹಾಜರಾದರೆ ಪ್ರತಿ ಸಲ ಹನ್ನೆರಡು ಪೆನ್ನಿ ದಂಡ. 1581ರಿಂದ ತಿಂಗಳಿಗೆ ಇಪ್ಪತ್ತು ಪೌಂಡು. ಅದನ್ನು ತೆರಲಾರದ ಎಷ್ಟೋ ಕುಟುಂಬಗಳು ಹಳೆಯ ವಿಶ್ವಾಸವನ್ನು ಮನೆಯೊಳಗಿಟ್ಟುಕೊಂಡು ಭಾನುವಾರ ಸರ್ಕಾರಿ ಪ್ರಾರ್ಥನೆಗೆ ಹಾಜರಿ ಹಾಕಿದವು. 'ಚರ್ಚ್ ಪೇಪಿಸ್ಟ್' ಎಂಬ ಮೂದಲಿಕೆ ಹುಟ್ಟಿದ್ದು ಹೀಗೆ. ಮಾರ್ಗರೆಟ್ಟರ ಪತಿ ಜಾನ್ ಯಾರ್ಕ್‌ನ ಕಟುಕ. ತಾನು ರಾಜಾಜ್ಞೆಯ ಚರ್ಚಿಗೆ ಹೋಗುತ್ತ ಪತ್ನಿಯ ದಂಡವನ್ನು ಕಟ್ಟುತ್ತ ಬಂದವನು. ಅವನ ಕುರಿತು ಧಾರಾವಾಹಿ ತೆಗೆಯಲು ಯಾರಿಗೂ ಆಸಕ್ತಿಯಿದ್ದಂತಿಲ್ಲ.

ಗುರು ಹೆನ್ರಿ ಗಾರ್ನೆಟ್‌ರ ಪಾತ್ರವನ್ನು ಪೀಟರ್ ಮುಲನ್ ಗಾಂಭೀರ್ಯದಿಂದ ನಿರ್ವಹಿಸಿದ್ದಾರೆ. ಹಿಂಸೆ ಬೇಡವೆನ್ನುವ ಸೌಮ್ಯ ಯೇಸುಸಭಿಕರು ಅವರು. ಆದರೆ ಅವರೊಳಗಿನ ಅತ್ಯಂತ ಕುತೂಹಲಕರ ಬಿಕ್ಕಟ್ಟು ತೆರೆಗೆ ಬರಲಿಲ್ಲ. ಕಥೋಲಿಕರು ಆಂಗ್ಲಿಕನ್ ಆರಾಧನೆಗೆ ಹಾಜರಾಗುವುದನ್ನು ಖಂಡಿಸಿ ಬರೆದವರೂ ಗಾರ್ನೆಟ್ಟರೇ. ನ್ಯಾಯಾಧೀಶರ ಮುಂದೆ ದ್ವಂದ್ವಾರ್ಥದ ಉತ್ತರ ನೀಡುವುದು ಸುಳ್ಳಲ್ಲವೆಂದು ಸಮರ್ಥಿಸಿ ಬರೆದವರೂ ಅವರೇ. ದೇಹ ಬಾಗಬಾರದು, ಮಾತು ಬಾಗಬಹುದು! ಇಂಥ ಸಮರ್ಥನೆಗಳಿಗೆ 1679ರಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟರು ಕಡಿವಾಣ ಹಾಕಿದ್ದನ್ನು ನೀತಿ ದೈವಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು.

ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಮೆಥೊಡಿಸ್ಟರೇ ಹೆಚ್ಚು, ಕಥೋಲಿಕರು ಕಡಿಮೆ. ಎರಡೂ ಸಭೆಗಳಲ್ಲಿ ದಲಿತ ಮೂಲದವರೇ ಬಹುಪಾಲು. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆ ಹಿಂದೂಗಳಲ್ಲದವರನ್ನು ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ದೀಕ್ಷಾಸ್ನಾನವನ್ನು ಕಾಗದದಲ್ಲಿ ಒಪ್ಪಿಕೊಂಡವನು ಪರಿಶಿಷ್ಟ ಜಾತಿಯ ಮೀಸಲಾತಿಯನ್ನಷ್ಟೇ ಅಲ್ಲ, 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯನ್ನೂ ಕಳೆದುಕೊಳ್ಳುತ್ತಾನೆ. ಔರಾದ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಅವನು ಮತ ಹಾಕಬಹುದು, ಉಮೇದುವಾರನಾಗಲಾರ. ಆದ್ದರಿಂದಲೇ ಗುಡಿಯ ದಾಖಲೆಪುಸ್ತಕದಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಹಿಂದಿನ ಸಾಲಿನಲ್ಲಿ ಕುಳಿತ ಆ ವಿಶ್ವಾಸಿಯನ್ನು ಕಪಟಿಯೆಂದು ಕರೆಯುವ ಯಾಜಕರೂ ನಮ್ಮಲ್ಲಿದ್ದಾರೆ. ಕಿರುತೆರೆಯ ರಕ್ತಸಾಕ್ಷಿಗಳು ಈ ತೀರ್ಪಿಗೆ ಪುಷ್ಟಿ ಕೊಡುತ್ತಾರೆಂಬುದೇ ನಮ್ಮ ಆತಂಕ. ಥಾಮಸ್ ಮೋರ್ ಅವರನ್ನು 'ವುಲ್ಫ್ ಹಾಲ್' (2015) ಕೀಳಾಗಿ ಚಿತ್ರಿಸಿತೆಂದು ಇಂಗ್ಲೆಂಡಿನ ಕೆಲವು ಕಥೋಲಿಕ ಧರ್ಮಾಧ್ಯಕ್ಷರು ನೊಂದರು. ಸಂತನ ಕೀರ್ತಿಗೆ ಅದರಿಂದ ಆದ ಹಾನಿ ಅಲ್ಪ. ರಕ್ತಸಾಕ್ಷಿಯನ್ನೇ ವಿಶ್ವಾಸದ ಕನಿಷ್ಠ ಅಳತೆಯೆಂದು ಕಲಿಸುವ ಕಥನದಿಂದ ಆಗುವ ಹಾನಿ ದೊಡ್ಡದು.

ಎರಡು ಸ್ಥಿತಿಗಳೂ ಒಂದೇ ಎಂದು ನಾವು ವಾದಿಸುವುದಿಲ್ಲ. ಇಂಗ್ಲೆಂಡಿನ ರಾಜ್ಯ ಆರಾಧನೆಯನ್ನೇ ಕೇಳಿತು; ನಮ್ಮಲ್ಲಿ ಕೇಳುವುದು ಅರ್ಜಿಯ ಮೇಲಿನ ಒಂದು ಪದವನ್ನು. ಆ ಪದಕ್ಕೆ ಸಹಿ ಹಾಕುವಾಗ ಸತ್ಯಕ್ಕೆ ಗಾಯವಾಗುತ್ತದೆ, ಅದನ್ನು ಮುಚ್ಚಿಡಲಾಗದು. ಆದರೆ ಮೊದಲ ಅನ್ಯಾಯ ಆದೇಶದ್ದು. ಪಾಪನಿವೇದನೆ ಕೇಳುವವರು ಹೊಣೆಯನ್ನು ಅಳೆಯುವಾಗ ಅಲ್ಲಿಂದ ತೊಡಗಬೇಕು. ಇನ್ನೊಂದು ಮಾತು ನಮ್ಮವರಿಗೇ ಅಪ್ರಿಯವಾದೀತು: ಅಲ್ಪಸಂಖ್ಯಾತರೆಂಬ ಹೆಸರಿನಿಂದ ನಮ್ಮ ವಿದ್ಯಾಸಂಸ್ಥೆಗಳಿಗೆ ಸಂವಿಧಾನದ 30ನೆಯ ವಿಧಿಯ ರಕ್ಷಣೆಯುಂಟು, ಅದೇ ಹೆಸರಿನಿಂದ ವಿಶ್ವಾಸಿಗೆ ನಷ್ಟ.

ಅಂದಿನ 'ಚರ್ಚ್ ಪೇಪಿಸ್ಟ'ರು ತಮ್ಮ ಸಮರ್ಥನೆಗೆ ಹಿಡಿದದ್ದು ಅರಸುಗಳ ಎರಡನೆಯ ಗ್ರಂಥದ ಐದನೆಯ ಅಧ್ಯಾಯವನ್ನು. ಒಡೆಯನೊಡನೆ ರಿಮ್ಮೋನನ ಗುಡಿಯಲ್ಲಿ ಬಾಗಬೇಕಾದ ನಾಮಾನನನ್ನು ಎಲೀಷನು ಸಮಾಧಾನದಿಂದಲೇ ಕಳುಹಿಸಿಕೊಟ್ಟ. ಅಧ್ಯಾಯದ ಕೊನೆಗೆ ಕುಷ್ಠ ತಗಲಿದ್ದು ನಾಮಾನನಿಗಲ್ಲ, ಅವನ ಹಿಂದೆ ಓಡಿ ಬೆಳ್ಳಿ ಪಡೆದ ಪ್ರವಾದಿಯ ಸೇವಕ ಗೇಹಜಿಗೆ. ಈ ವಾದವನ್ನು ಗಾರ್ನೆಟ್ಟರ ಪಕ್ಷ ಒಪ್ಪಲಿಲ್ಲ. ಗುರುಮಠದ ತರಗತಿಯಲ್ಲಿ 'ಗನ್‌ಪೌಡರ್' ತೋರಿಸುವವರು ಗಾರ್ನೆಟ್ಟರ ಎರಡೂ ನಿಲುವುಗಳನ್ನು ಮುಂದಿಟ್ಟು, 1950ರ ಆದೇಶದ ಮೂರನೆಯ ಕಂಡಿಕೆಯನ್ನು ಓದಿಸಿ, ಬಳಿಕ ಚರ್ಚೆಗೆ ಬಿಡುವುದು ಒಳಿತು.